ಲೆಕ್ಕಕ್ಕೆ ಸಿಗದ ಒಂದು ದಿನ

ನಮ್ಮ ಪಂಚಾಂಗದಲ್ಲಿ ತಿಥಿ, ವಾರ, ನಕ್ಷತ್ರಗಳಿರುವಂತೆ ಅಮೆರಿಕದ ಆಟಪ್ರಿಯರಿಗೂ ತಮ್ಮದೇ ಆದ ಒಂದು ಪಂಚಾಂಗವುಂಟು. ಇಂಥ ತಿಂಗಳಿನ ಇಂಥ ತಾರೀಖಿನಂದು ಯಾರು ಗೆದ್ದರು, ಯಾರ ದಾಖಲೆಯನ್ನು ಯಾರು ಮುರಿದರು ಎಂಬುದೆಲ್ಲ ಅದರಲ್ಲಿ ದಿನವಹಿಯಾಗಿ ಬರೆದಿರುತ್ತದೆ. ಬೇಸ್‌ಬಾಲಿನ ಒಳಗುಟ್ಟುಗಳನ್ನು ನಾನು ಬಲ್ಲವನಲ್ಲ. ಆದರೂ ಆ ಪಂಚಾಂಗವನ್ನು ತಿರುವಿಹಾಕುವುದೆಂದರೆ ನನಗೆ ಇಷ್ಟ. ಅದರಲ್ಲಿ ಬಹುಪಾಲು ಅಂಕಿಗಳ ಜಾತ್ರೆ. ಆದರೆ ಒಂದು ದಿನದ ಎದುರಿಗೆ ಬಂದಾಗ ಕೈ ತಾನಾಗಿ ನಿಲ್ಲುತ್ತದೆ. ಅದು ಏಪ್ರಿಲ್ 15.

1947ರ ಆ ದಿನ ಬ್ರೂಕ್ಲಿನ್ನಿನ ಎಬೆಟ್ಸ್ ಫೀಲ್ಡ್ ಮೈದಾನಕ್ಕೆ 28 ವರ್ಷದ ಜಾಕಿ ರಾಬಿನ್ಸನ್ ಡಾಜರ್ಸ್ ತಂಡದ ಆಟಗಾರನಾಗಿ ಇಳಿದ. ಅಲ್ಲಿಗೆ ಸುಮಾರು 60 ವರ್ಷಗಳಿಂದ ದೊಡ್ಡ ಲೀಗುಗಳಲ್ಲಿ ಕಪ್ಪುವರ್ಣದ ಆಟಗಾರನಿಗೆ ಎಡೆಯಿರಲಿಲ್ಲ. ಬರೆದಿಟ್ಟ ಕಾನೂನೇನೂ ಇದ್ದಿಲ್ಲ. ಬರೆಯದ ಕಟ್ಟಳೆ ಅದಕ್ಕಿಂತ ಗಟ್ಟಿಯಾಗಿತ್ತು.

ಆ ದಿನ ಅವನು ಮಾಡಿದ್ದಾದರೂ ಏನು? ಲೆಕ್ಕದ ಪುಸ್ತಕವನ್ನು ಕೇಳಿದರೆ, ಏನೂ ಇಲ್ಲ. ಒಂದಾದರೂ ಸಫಲವಾದ ಹೊಡೆತ ಅವನ ಹೆಸರಿನಲ್ಲಿಲ್ಲ. ಏಳನೆಯ ಸರದಿಯಲ್ಲಿ ಎದುರಾಳಿಯ ತಪ್ಪೆಸೆತದಿಂದ ಮುಂದೆ ಸಾಗಿ ಒಂದು ಓಟ ಗಳಿಸಿದ, ಅಷ್ಟೆ. ಬಾಸ್ಟನ್ ಬ್ರೇವ್ಸ್ ತಂಡದ ಮೇಲೆ ಡಾಜರ್ಸ್ 5-3ರಿಂದ ಗೆದ್ದಿತು. ಇಷ್ಟಕ್ಕೆ ಪಂಚಾಂಗದಲ್ಲಿ ಇಷ್ಟು ದೊಡ್ಡ ಅಕ್ಷರವೇಕೆ?

ತಂಡದ ಒಡೆತನದಲ್ಲಿ ಪಾಲುಳ್ಳ ಬ್ರಾಂಚ್ ರಿಕಿ 1945ರ ಆಗಸ್ಟಿನಲ್ಲಿ ರಾಬಿನ್ಸನ್ನನನ್ನು ಕರೆದು ಕೇಳಿದ್ದು ಆಟದ ಚಾತುರ್ಯವನ್ನಷ್ಟೇ ಅಲ್ಲ. ಬೈದರೂ ತಿರುಗಿ ಹೊಡೆಯದಿರುವ ಧೈರ್ಯವನ್ನು. ಇದು ಸ್ವಭಾವತಃ ಸಾಧುವಾದವನನ್ನು ಕೇಳಿದ್ದಲ್ಲ. 1944ರಲ್ಲಿ, ಸೈನ್ಯದ ಅಧಿಕಾರಿಯಾಗಿದ್ದಾಗ, ಬಸ್ಸಿನಲ್ಲಿ ಹಿಂದಿನ ಸೀಟಿಗೆ ಸರಿಯಲೊಪ್ಪದೆ ಸೈನಿಕ ನ್ಯಾಯಾಲಯವನ್ನು ಎದುರಿಸಿ, ನಿರ್ದೋಷಿಯೆನಿಸಿ ಬಂದವನು ಅವನು. ಅಂಥವನು ಬೈಗುಳವನ್ನೂ ಕೊಲೆಬೆದರಿಕೆಯ ಪತ್ರಗಳನ್ನೂ ನುಂಗಿಕೊಂಡು ಆಡಿದ. ಮೌನ ಅವನಿಗೆ ಗುಣವಾಗಿರಲಿಲ್ಲ, ತಪಸ್ಸಾಗಿತ್ತು. ಆ ತಪಸ್ಸನ್ನು ಯಾವ ಲೆಕ್ಕದ ಪುಸ್ತಕ ತಾನೇ ಬರೆದೀತು?

ಅದೇ ಪಂಚಾಂಗದ ಮತ್ತೊಂದು ಪುಟ, ಅಕ್ಟೋಬರ್ 15. 1972ರಲ್ಲಿ, ಆ ಮೊದಲ ಆಟಕ್ಕೆ 25 ವರ್ಷ ತುಂಬಿದುದರ ಸನ್ಮಾನಕ್ಕೆ ಸಿನ್ಸಿನಾಟಿಯಲ್ಲಿ ನಿಂತ ರಾಬಿನ್ಸನ್, ಸಂತೋಷದ ಜೊತೆಗೆ ಒಂದು ಕೊರತೆಯನ್ನೂ ಹೇಳಿದ: ತಂಡ ನಡೆಸುವ ಸ್ಥಾನದಲ್ಲಿ ಕಪ್ಪು ಮುಖವೊಂದನ್ನು ತಾನಿನ್ನೂ ಕಾಣಲಿಲ್ಲವೆಂದು. ಒಂಬತ್ತೇ ದಿನಗಳಲ್ಲಿ, ಅಕ್ಟೋಬರ್ 24ರಂದು, ತೀರಿಕೊಂಡ. ವಯಸ್ಸು 53. ಅವನು ಕಾಣಬಯಸಿದ ದಿನ ಬಂದದ್ದು 1975ರ ಏಪ್ರಿಲ್ 8ರಂದು. ಅಂದು ಕ್ಲೀವ್‌ಲ್ಯಾಂಡ್ ತಂಡವನ್ನು ನಡೆಸಿದವನ ಹೆಸರು ಫ್ರಾಂಕ್ ರಾಬಿನ್ಸನ್. ಬಂಧುವಲ್ಲ, ಹೆಸರಷ್ಟೇ ಒಂದು. ವಿಧಿಗೂ ಒಮ್ಮೊಮ್ಮೆ ಕಾವ್ಯಬುದ್ಧಿ ಬರುತ್ತದೆ, ಬರುವಾಗ ತಡವಾಗಿರುತ್ತದೆ.

1997ರ ಏಪ್ರಿಲ್ 15ರಂದು, ಅವನ ಅಂಗಿಯ ಸಂಖ್ಯೆಯಾದ 42ನ್ನು ಇನ್ನು ಮುಂದೆ ಯಾವ ತಂಡವೂ ಹೊಸಬರಿಗೆ ಕೊಡತಕ್ಕದ್ದಲ್ಲವೆಂದು ಸಾರಿದರು. 2009ರಿಂದ ಆ ಒಂದು ದಿನ ಮಾತ್ರ ಎಲ್ಲ ತಂಡಗಳ ಆಟಗಾರರೂ ಅದೇ ಸಂಖ್ಯೆಯನ್ನು ಧರಿಸುತ್ತಾರೆ. ಅಂದು ಬೆನ್ನು ನೋಡಿ ಒಬ್ಬನನ್ನು ಬೇರೆಯೆಂದು ಗುರುತಿಸುವಂತಿಲ್ಲ. 1947ರಲ್ಲಿ ಅವನು ಕೇಳಿದ್ದೂ ಇಷ್ಟನ್ನೇ ಅಲ್ಲವೆ?