ತಯಾರಿಕಾ ವಲಯ ಕುಸಿಯುತ್ತಿದೆಯಾ? ಒಂದೇ ದೇಶ, ಎರಡು ಲೆಕ್ಕ

ಇವತ್ತು ಒಂದೇ ಒಂದು ಪ್ರಶ್ನೆ ಇಟ್ಕೊಂಡು ಬಂದಿದ್ದೀನಿ: ಭಾರತದ ತಯಾರಿಕಾ ವಲಯ, ಅಂದ್ರೆ ನಮ್ಮ ಫ್ಯಾಕ್ಟರಿಗಳ ಲೋಕ, ನಿಜಕ್ಕೂ ಕುಸಿಯುತ್ತಿದೆಯಾ?

ಎರಡು ಚಿತ್ರ ನೋಡಿ. ಬೆಂಗಳೂರಿನಲ್ಲಿ 1961ರಲ್ಲಿ ಶುರುವಾದ ಎಚ್‌ಎಂಟಿ ವಾಚ್ ತಯಾರಿಕೆಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಚಿವ ಸಂಪುಟ ತೀರ್ಮಾನಿಸಿತು. ಅದೇ ಬೆಂಗಳೂರಿನಿಂದ ಕೋಲಾರದ ಕಡೆ ಹೊರಟರೆ ನರಸಾಪುರದಲ್ಲಿ ಐಫೋನ್ ಜೋಡಿಸುವ ಕಾರ್ಖಾನೆ ಸಿಗುತ್ತದೆ. ಮೊದಲನೆಯದನ್ನು ನೆನೆಸಿಕೊಂಡವರು ‘ಎಲ್ಲಾ ಮುಗೀತು’ ಅಂತಾರೆ. ಎರಡನೆಯದನ್ನು ನೋಡಿದವರು ‘ಮುಂದಿನ ಚೀನಾ ನಾವೇ’ ಅಂತಾರೆ. ಒಂದೊಂದು ಕಾರ್ಖಾನೆ ನೋಡಿ ಇಡೀ ದೇಶದ ಬಗ್ಗೆ ತೀರ್ಪು ಕೊಡೋಕೆ ಆಗಲ್ಲ. ಹಾಗಾಗಿ ಲೆಕ್ಕಕ್ಕೆ ಬರೋಣ.

ವಿಶ್ವಬ್ಯಾಂಕ್ ಅಂಕಿಅಂಶದ ಪ್ರಕಾರ ನಮ್ಮ ಜಿಡಿಪಿಯಲ್ಲಿ ತಯಾರಿಕೆಯ ಪಾಲು 2010ರಲ್ಲಿ ಸುಮಾರು ಶೇ 17 ಇತ್ತು. 2023ರ ಹೊತ್ತಿಗೆ ಅದು ಸುಮಾರು ಶೇ 13ಕ್ಕೆ ಇಳಿದಿದೆ. ಕುಸಿತ ಅಂತ ಹೇಳೋರು ತೋರಿಸೋದು ಇದನ್ನೇ. ಆದರೆ ಬೆಲೆ ಏರಿಕೆಯನ್ನು ಕಳೆದು, 2011-12ರ ಬೆಲೆಯಲ್ಲೇ ಲೆಕ್ಕ ಹಾಕಿದರೆ, 2023-24ರಲ್ಲೂ ಆರ್ಥಿಕತೆಯಲ್ಲಿ ತಯಾರಿಕೆಯ ಪಾಲು ಸುಮಾರು ಶೇ 17ರ ಆಸುಪಾಸಿನಲ್ಲೇ ನಿಂತಿದೆ. ಎರಡೂ ಹೇಗೆ ಸರಿ?

ಒಂದು ಸಣ್ಣ ಊರು ಅಂದ್ಕೊಳ್ಳಿ. ಅಲ್ಲಿ ವರ್ಷಕ್ಕೆ 100 ಫ್ಯಾನ್ ತಯಾರಾಗುತ್ತೆ, 100 ಮಕ್ಕಳು ಟ್ಯೂಷನ್‌ಗೆ ಹೋಗ್ತಾರೆ. ಫ್ಯಾನ್ ಬೆಲೆ ಸಾವಿರ, ಟ್ಯೂಷನ್ ಫೀಸೂ ಸಾವಿರ. ಊರಿನ ಆದಾಯದಲ್ಲಿ ಫ್ಯಾನಿನದು ಅರ್ಧ ಪಾಲು. ಹತ್ತು ವರ್ಷ ಕಳೀತು. ಈಗ 200 ಫ್ಯಾನ್, 200 ಮಕ್ಕಳು. ಎರಡೂ ದುಪ್ಪಟ್ಟು. ಆದರೆ ಫ್ಯಾನ್ ಬೆಲೆ 1,200 ಆಗಿದೆ, ಫೀಸು 2,400ಕ್ಕೆ ಹೋಗಿದೆ. ಈಗ ಫ್ಯಾನಿನ ಪಾಲು ಅರ್ಧದಿಂದ ಮೂರನೇ ಒಂದಕ್ಕೆ ಇಳೀತು. ಫ್ಯಾಕ್ಟರಿ ಮಾತ್ರ ಮೊದಲಿಗಿಂತ ಎರಡರಷ್ಟು ಕೆಲಸ ಮಾಡ್ತಿದೆ! ಪಾಲು ಇಳಿದಿದೆ ಅನ್ನೋದು ಬೇರೆ, ಉತ್ಪಾದನೆ ಇಳಿದಿದೆ ಅನ್ನೋದು ಬೇರೆ.

ಸರಿ, ಹಾಗಾದ್ರೆ ಕೆಲಸ? ವಾರ್ಷಿಕ ಕೈಗಾರಿಕಾ ಸಮೀಕ್ಷೆ ನೋಡಿದರೆ, ನೋಂದಾಯಿತ ಕಾರ್ಖಾನೆಗಳಲ್ಲಿ 2014-15ರಲ್ಲಿ 1.4 ಕೋಟಿಗಿಂತ ಕಡಿಮೆ ಜನ ಇದ್ದರು. 2023-24ಕ್ಕೆ ಸುಮಾರು 1.95 ಕೋಟಿ ಆಗಿದ್ದಾರೆ. ಇದನ್ನಂತೂ ಕುಸಿತ ಅನ್ನೋಕೆ ಆಗಲ್ಲ.

ಅಮೆರಿಕದ ಕಥೆ ಬೇರೆ. ಅಲ್ಲಿ 1979ರಲ್ಲಿ ತಯಾರಿಕೆಯಲ್ಲಿ ಸುಮಾರು 1.95 ಕೋಟಿ ಉದ್ಯೋಗ ಇದ್ದವು. ಈಗ 1.3 ಕೋಟಿಯೂ ಇಲ್ಲ. ಅವರು ಬೆಟ್ಟ ಹತ್ತಿ, ಇಳಿದರು. ನಾವು? ಅರ್ಧ ದಾರಿಯಲ್ಲೇ ನಿಂತಿದ್ದೀವಿ. ನಮ್ಮ ನಿಜವಾದ ಸಮಸ್ಯೆ ಇದೇ ಅಂತ ನನಗನ್ನಿಸುತ್ತೆ.

2011ರ ರಾಷ್ಟ್ರೀಯ ತಯಾರಿಕಾ ನೀತಿ ಏನು ಗುರಿ ಇಟ್ಟಿತ್ತು ಗೊತ್ತಾ? 2022ರೊಳಗೆ ಜಿಡಿಪಿಯಲ್ಲಿ ಶೇ 25 ಪಾಲು, ಜೊತೆಗೆ 10 ಕೋಟಿ ಹೊಸ ಉದ್ಯೋಗ. 2014ರ ‘ಮೇಕ್ ಇನ್ ಇಂಡಿಯಾ’ ಕೂಡ ಶೇ 25ರ ಮಾತನ್ನೇ ಆಡಿತು. ಆ ಗಡುವು ದಾಟಿ ಹೋಯಿತು. 2023-24ರ ಪಿಎಲ್‌ಎಫ್‌ಎಸ್ ಸಮೀಕ್ಷೆ ಪ್ರಕಾರ ದುಡಿಯುವ ನೂರು ಜನರಲ್ಲಿ ತಯಾರಿಕೆಯಲ್ಲಿ ಇರೋರು ಸುಮಾರು 11 ಮಂದಿ, ಕೃಷಿಯಲ್ಲಿ ಇರೋರು ಸುಮಾರು 46 ಮಂದಿ. ದಕ್ಷಿಣ ಕೊರಿಯಾ, ಚೀನಾದಲ್ಲಿ ಹೊಲ ಬಿಟ್ಟು ಬಂದ ಕೋಟ್ಯಂತರ ಜನರಿಗೆ ಫ್ಯಾಕ್ಟರಿ ಬಾಗಿಲು ತೆರೆದಿತ್ತು. ನಮ್ಮಲ್ಲಿ ಊರು ಬಿಟ್ಟು ಬಂದ ಹುಡುಗರು ಹೆಚ್ಚಾಗಿ ಸೇರಿದ್ದು ಕಟ್ಟಡ ಕೆಲಸಕ್ಕೆ, ಡೆಲಿವರಿಗೆ, ಸೆಕ್ಯುರಿಟಿಗೆ.

ಹಾಗಾದ್ರೆ ಐಫೋನ್? 2024-25ರಲ್ಲಿ ದೇಶದಿಂದ ಸುಮಾರು 2 ಲಕ್ಷ ಕೋಟಿ ರೂಪಾಯಿಯ ಮೊಬೈಲ್ ರಫ್ತಾಗಿದೆ. ಸಣ್ಣ ಸಾಧನೆ ಏನಲ್ಲ. ಆದರೆ ಒಳಗಿನ ಚಿಪ್ ಸೇರಿ ಬಹಳಷ್ಟು ಭಾಗ ಹೊರಗಿನಿಂದ ಬರುತ್ತೆ. ಜಿಡಿಪಿಗೆ ಸೇರೋದು ಫೋನಿನ ಪೂರ್ತಿ ಬೆಲೆಯಲ್ಲ, ಇಲ್ಲಿ ನಾವು ಸೇರಿಸಿದ ಮೌಲ್ಯ ಮಾತ್ರ. ಹೋಟೆಲಿನಿಂದ ಸಾಂಬಾರ್ ತರಿಸಿ, ಮನೆಯಲ್ಲಿ ಅನ್ನ ಮಾತ್ರ ಮಾಡಿದ ಹಾಗೆ. ಊಟ ಬಡಿಸಿದ್ದು ನಾವೇ, ಅಡುಗೆ ಪೂರ್ತಿ ನಮ್ಮದಲ್ಲ. ಬಿಡಿಭಾಗಗಳೂ ಇಲ್ಲೇ ತಯಾರಾದಷ್ಟೂ ನಮ್ಮ ಪಾಲು ಬೆಳೆಯುತ್ತೆ.

ಇನ್ನೊಂದು ವಿಷಯ ಇದೆ. ಐಟಿಐ, ಡಿಪ್ಲೊಮಾ ಓದುತ್ತಿರೋರು ಇದನ್ನು ಗಮನ ಇಟ್ಟು ಕೇಳಿ. ಈಗ ಕಾರ್ಖಾನೆಗಳ ಕಾರ್ಮಿಕರಲ್ಲಿ ಶೇ 40ಕ್ಕೂ ಹೆಚ್ಚು ಜನ ಗುತ್ತಿಗೆಯವರು. ಗೇಟಿನ ಮೇಲೆ ದೊಡ್ಡ ಕಂಪನಿಯ ಬೋರ್ಡ್ ಇದ್ದರೂ ಸಂಬಳ ಕೊಡೋನು ಒಬ್ಬ ಕಂಟ್ರ್ಯಾಕ್ಟರ್ ಆಗಿರಬಹುದು. ಎಚ್‌ಎಂಟಿ ಕಾಲದ ಫ್ಯಾಕ್ಟರಿ ಕೆಲಸ ಅಂದ್ರೆ ಕ್ವಾರ್ಟರ್ಸ್, ಪಿಂಚಣಿ, ಮಕ್ಕಳ ಓದು. ಆ ಭರವಸೆ ಕರಗಿದೆ. ಜನ ‘ತಯಾರಿಕೆ ಕುಸಿದಿದೆ’ ಅಂದಾಗ ಎಷ್ಟೋ ಸಲ ಅವರು ಹೇಳುತ್ತಿರೋದು ಇದನ್ನೇ.

ಹಾಗಾಗಿ ನನ್ನ ಉತ್ತರ: ಉತ್ಪಾದನೆ ಕುಸಿದಿಲ್ಲ, ಕಾರ್ಖಾನೆ ಕೆಲಸದ ಸಂಖ್ಯೆಯೂ ಕುಸಿದಿಲ್ಲ. ಆದರೆ ಏರಬೇಕಾದಷ್ಟು ಏರಲಿಲ್ಲ, ಸಿಕ್ಕ ಕೆಲಸದಲ್ಲಿ ಮೊದಲಿನ ಭದ್ರತೆ ಉಳಿದಿಲ್ಲ. ಕೆಲಸಕ್ಕೆ ಸೇರುವಾಗ ನೇಮಕಾತಿ ಪತ್ರ ಯಾರ ಹೆಸರಲ್ಲಿದೆ, ಪಿಎಫ್ ಮತ್ತು ಇಎಸ್‌ಐ ಕಟ್ಟೋದು ಯಾರು ಅನ್ನೋದನ್ನು ತಪ್ಪದೇ ಕೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.