ಗರ್ಭಿಣಿಯರಲ್ಲಿ ಏರು ರಕ್ತದೊತ್ತಡ

ಸತ್ತಿಯಂತಹ ನಮ್ಮ ಕೃಷ್ಣಾತೀರದ ಊರುಗಳಲ್ಲಿ ಏಳನೆಯ ತಿಂಗಳಲ್ಲಿ ಕುಬಸ ಮಾಡಿ ಚೊಚ್ಚಲ ಬಸುರಿಯನ್ನು ತವರಿಗೆ ಕಳುಹಿಸುವುದು ವಾಡಿಕೆ. ರಕ್ತದೊತ್ತಡ ಏರುವ ಅಪಾಯ ಹೆಚ್ಚುವುದೂ ಆ ತಿಂಗಳುಗಳಿಂದಲೇ, ಅದರಲ್ಲಿಯೂ ಚೊಚ್ಚಲ ಬಸುರಿಯರಲ್ಲಿ. ಗಂಡನ ಊರಿನ ಆಶಾ ಕಾರ್ಯಕರ್ತೆ ಬರೆದಿಟ್ಟ ಅಳತೆ ತವರೂರಿನವರಿಗೆ ತಿಳಿಯದು. ಆದುದರಿಂದ ಸದ್ಭಕ್ತರು ಸೀರೆ, ಬಳೆಗಳೊಡನೆ ತಾಯಿ ಕಾರ್ಡನ್ನೂ ಕಳುಹಿಸಬೇಕು. ತವರು ಮಿರಜ, ಜತ್ತ ಕಡೆಯದಾದರಂತೂ ಮರೆಯಲಾಗದು.

ಗರ್ಭಕ್ಕೆ 20 ವಾರ ತುಂಬಿದ ನಂತರ ಒತ್ತಡವು 140/90 ಅಥವಾ ಅದಕ್ಕಿಂತ ಮೇಲೇರಿ, ಮೂತ್ರದಲ್ಲಿ ಪ್ರೋಟೀನ್ ಕಂಡುಬಂದರೆ ಅದು ಪ್ರಿಎಕ್ಲಾಂಪ್ಸಿಯಾ. ಮಾಸಿಗೆ ರಕ್ತ ಒಯ್ಯುವ ನಾಳಗಳು ಸರಿಯಾಗಿ ಹಿಗ್ಗದಿರುವುದು ಇದರ ಮುಖ್ಯ ಮೂಲ. ತಾಯಿಯ ಮೂತ್ರಪಿಂಡ, ಯಕೃತ್ತು, ಮಿದುಳುಗಳಿಗೆ ಪೆಟ್ಟು ಬೀಳುತ್ತದೆ, ಶಿಶುವಿನ ಬೆಳವಣಿಗೆ ಕುಂಠಿತವಾಗುತ್ತದೆ. ಕಾಲು ಬಾಯುವುದು ಸಾಮಾನ್ಯ. ಆದರೆ ಮುಖ, ಕೈಗಳು ಹಠಾತ್ತನೆ ಬಾತರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಎದೆಗುಂಡಿಗೆಯ ಕೆಳಗೆ ನೋವೆದ್ದರೆ ಬೆಳಗಾಗುವವರೆಗೆ ಕಾಯದೆ 108ಕ್ಕೆ ಕರೆ ಮಾಡಬೇಕು. ಫಿಟ್ಸ್ ಬಂದರೆ ಕೆಲವರು ಗಾಳಿ ಸೋಂಕೆಂದು ಅಂತ್ರ ಕಟ್ಟಿಸುತ್ತಾರೆ. ಆ ಹೊತ್ತಿಗೆ ಬೇಕಾದುದು ಮೆಗ್ನೀಷಿಯಂ ಸಲ್ಫೇಟ್ ಚುಚ್ಚುಮದ್ದು. ಎಷ್ಟೋ ಬಸುರಿಯರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಅಳೆಯದೆ ತಿಳಿಯುವ ಉಪಾಯವಿಲ್ಲ.

2014ರಿಂದ 2016ರವರೆಗೆ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಲ್ಲಿ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು 'ಕ್ಲಿಪ್' ಎಂಬ ಅಧ್ಯಯನ ನಡೆಸಿದರು. ಆಶಾ ಕಾರ್ಯಕರ್ತೆಯರು, ದಾದಿಯರು ಮನೆಗೇ ಹೋಗಿ ಒತ್ತಡ ಅಳೆದರು. ಇಷ್ಟರಿಂದಲೇ ಒಟ್ಟು ಸಾವುನೋವು ತಗ್ಗಲಿಲ್ಲವೆಂಬುದನ್ನು ಮುಚ್ಚಿಡಬಾರದು. ಆದರೆ ಪಾಕಿಸ್ತಾನ, ಮೊಜಾಂಬಿಕ್‌ಗಳ ಲೆಕ್ಕವನ್ನೂ ಕೂಡಿಸಿ ನೋಡಿದಾಗ, ಎಂಟು ಅಥವಾ ಹೆಚ್ಚು ಬಾರಿ ಇಂತಹ ಭೇಟಿ ಪಡೆದವರಲ್ಲಿ ಫಲ ಉತ್ತಮವಾಗಿತ್ತು. ಒಮ್ಮೆ ಅಳೆಯಿಸಿ ಸುಮ್ಮನಾದರೆ ಸಾಲದು.

ಆಯುರ್ವೇದದಲ್ಲಿ ಇದಕ್ಕೆ ಮದ್ದಿಲ್ಲವೇ ಎಂದು ಹಿರಿಯರು ನಮ್ಮನ್ನು ಕೇಳುವುದುಂಟು. ಸುಶ್ರುತರು ಆರನೆಯ ತಿಂಗಳಿಗೆ ನೆಗ್ಗಿಲು ಸೇರಿಸಿ ಸಿದ್ಧಪಡಿಸಿದ ತುಪ್ಪವನ್ನು ಹೇಳಿದ್ದಾರೆ. ಅದು ಆರೋಗ್ಯವಂತ ಗರ್ಭಿಣಿಯ ಪಥ್ಯ. 160/110 ಮುಟ್ಟಿದ ಒತ್ತಡಕ್ಕೆ ಚಿಕಿತ್ಸೆಯಲ್ಲ. ಕೆಮ್ಮಿಗೆಂದು ಮನೆಯಲ್ಲಿ ಕೊಡುವ ಜ್ಯೇಷ್ಠಮಧು ಒತ್ತಡವನ್ನು ಏರಿಸಬಲ್ಲದು, ಇಂಥವರಿಗೆ ಬೇಡ. ಉಪ್ಪು ಪೂರ್ತಿ ಬಿಡಿಸುವುದರಿಂದಲೂ ಈ ರೋಗ ಇಳಿಯದು. ವೈದ್ಯರು ಕೊಟ್ಟ ಮಾತ್ರೆಯನ್ನು ನಮ್ಮ ಕಷಾಯದ ಭರವಸೆಯಲ್ಲಿ ಯಾರೂ ನಿಲ್ಲಿಸಬಾರದು. ಹಿಂದಿನ ಬಸಿರಿನಲ್ಲಿ ಈ ತೊಂದರೆಯಾಗಿದ್ದವರು ಮೂರನೆಯ ತಿಂಗಳಲ್ಲಿಯೇ ಪ್ರಸೂತಿ ತಜ್ಞರನ್ನು ಕಾಣಲಿ; ಅಲ್ಪ ಪ್ರಮಾಣದ ಆಸ್ಪಿರಿನ್ ಬೇಕೇ ಎಂಬುದನ್ನು ಅವರೇ ನಿರ್ಧರಿಸುವರು.

ಹೆರಿಗೆಯೊಡನೆ ಅಪಾಯ ಮುಗಿಯುವುದಿಲ್ಲ, ಆರು ವಾರ ಎಚ್ಚರ ಬೇಕು. ಬಾಣಂತಿ ತಲೆನೋವೆಂದಾಗ ಥಂಡಿಯೆಂದು ತಲೆಗೆ ಬಟ್ಟೆ ಕಟ್ಟಿ ಮಲಗಿಸುವ ಮೊದಲು ರಕ್ತದೊತ್ತಡವನ್ನು ಅಳೆಯಿಸಿರಿ.