ಮತ್ತೋಡಿನ ಬಳೆ

ಗಾಜಿನ ಕುಶಲಕಲೆಯೆಂದೊಡನೆ ವೆನಿಸ್ ನಗರದ ಊದುಗೊಳವೆಯನ್ನು ನೆನೆಯುವ ನಾವು ಹೊಸದುರ್ಗ ತಾಲ್ಲೂಕಿನ ಮತ್ತೋಡನ್ನು ಮರೆತುಬಿಡುತ್ತೇವೆ. 1800-01ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಈ ಊರಿನ ಬಳೆಯ ಕುಲುಮೆಗಳನ್ನು 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಬಣ್ಣಿಸಿದ್ದಾನೆ. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಬಣ್ಣಗಳ ಗಾಜು ಅಲ್ಲಿ ಸಿದ್ಧವಾಗುತ್ತಿದ್ದಿತು.

ಗಾಜಿನ ಮೂಲದ್ರವ್ಯ ಬೆಣಚುಕಲ್ಲಿನ ಪುಡಿ. ಅದೊಂದೇ ಕರಗಬೇಕಾದರೆ ಸುಮಾರು 1700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಸೌದೆಯ ಒಲೆಗೆ ಅದು ನಿಲುಕದು. ನೆಲದ ಮೇಲೆ ಬೆಳ್ಳಗೆ ಉಕ್ಕಿಬರುವ ಚೌಳಿನ ಕ್ಷಾರವನ್ನು ಬೆರೆಸಿದರೆ ಬಹಳ ಕಡಿಮೆ ಶಾಖದಲ್ಲಿಯೇ ಕರಗುತ್ತದೆ. ರೈತನು ಶಪಿಸುವ ಚೌಳು ಬಳೆ ಮಾಡುವವನಿಗೆ ಬಂಡವಾಳ!

ಬಳೆಯನ್ನು ಊದುವುದಿಲ್ಲ. ಕರಗಿದ ಗಾಜನ್ನು ಕಬ್ಬಿಣದ ಸಲಾಕೆಯಿಂದ ಎತ್ತಿ, ಸಣ್ಣ ಉಂಗುರ ಮಾಡಿ, ಶಂಕುವಿನಾಕಾರದ ಮಣ್ಣಿನ ಅಚ್ಚಿಗೆ ತೊಡಿಸಿ, ಕಾಯಿಸುತ್ತ ತಿರುಗಿಸಬೇಕು. ಉಂಗುರ ಹಿಗ್ಗಿ ಬಳೆಯಾಗುತ್ತದೆ. ಮಂಜುಗಡ್ಡೆಯಂತೆ ಗಾಜು ಒಂದು ಗೊತ್ತಾದ ಉಷ್ಣತೆಯಲ್ಲಿ ಕರಗುವುದಿಲ್ಲ. ಕಾದಂತೆ ಮೆತ್ತಗಾಗುತ್ತ, ತಣಿದಂತೆ ಬಿಗಿಯುತ್ತ ಹೋಗುತ್ತದೆ. ಮುಟ್ಟಿ ನೋಡುವಂತಿಲ್ಲ. ಹದವನ್ನು ಗಾಜಿನ ಕಾಂತಿಯಿಂದ ಕಣ್ಣು ಅರಿಯಬೇಕು, ಸಲಾಕೆಯ ತೂಕದಿಂದ ಕೈ ಅರಿಯಬೇಕು. ಒಮ್ಮೆಲೇ ತಣಿದ ಬಳೆ ಒಳಬಿಗಿತದಿಂದಲೇ ಸೀಳಿಬಿಡುತ್ತದೆ. ಇದನ್ನು ಒಲೆಯ ಮುಂದೆ, ಬಲ್ಲವರ ಪಕ್ಕದಲ್ಲಿ ಕುಳಿತೇ ಕಲಿಯಬೇಕು.

ಬುಕಾನನ್ ಕುಲುಮೆಯ ಅಳತೆಯನ್ನು ಬರೆದಿಟ್ಟ. ಕೈಯ ಹದವನ್ನು ಬರೆದಿಡುವುದು ಅವನಿಗೆ ಸಾಧ್ಯವಿರಲಿಲ್ಲ. ಮತ್ತೋಡಿನ ಕುಲುಮೆಗಳು ಆರಿಹೋಗಿವೆ. ಇಂದು ನಮ್ಮ ಜಾತ್ರೆಗಳ ಬಳೆಯಂಗಡಿಗೆ ಸರಕು ಬರುವುದು ಹೆಚ್ಚಾಗಿ ಉತ್ತರ ಪ್ರದೇಶದ ಫಿರೋಜಾಬಾದಿನಿಂದ.